ಪ್ರಾಗ್ ಪಟ್ಟಣದಲ್ಲಿ ಕಲಿತ ಒಂದು ಪಾಠ

ನಮ್ಮ ಶಾಲೆಯ ಸ್ಮರಣ ಸಂಚಿಕೆಗಾಗಿ ಒಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ಸಂಪಾದಕಿಯರು ನನಗೆ ಕಾಗದ ಬರೆದಾಗ ಸಂತೋಷವೂ ಸಂಕೋಚವೂ ಒಟ್ಟಿಗೆ ಉಂಟಾದುವು. ಶಾಲೆಯ ಬಾವಿಕಟ್ಟೆ, ಬೋರ್ಡಿಂಗಿನ ಉದ್ದವಾದ ಊಟದ ಮೇಜು, ಸಂಜೆಯ ಪ್ರಾರ್ಥನೆಯ ಗಂಟೆ, ಹೊಲಿಗೆಯ ತರಗತಿಯಲ್ಲಿ ಬೆರಳಿಗೆ ಚುಚ್ಚಿದ ಸೂಜಿ, ಇವುಗಳನ್ನು ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲ ಸಹೋದರಿಯರು ಅನೇಕರಿದ್ದಾರೆ. ನಾನು ಬರೆಯಬೇಕೆಂದಿರುವುದು ದೂರದೇಶದ ಒಂದು ಸಂಗತಿಯನ್ನು. ಆದರೆ ಕೊನೆಯ ವರೆಗೆ ತಾಳ್ಮೆಯಿಂದ ಓದುವವರಿಗೆ ಅದು ನಮ್ಮ ಶಾಲೆಯ ಸಂಗತಿಯೂ ಹೌದೆಂದು ತಿಳಿದುಬರುವುದು.

ನನ್ನ ಯಜಮಾನರ ಉದ್ಯೋಗದ ನಿಮಿತ್ತವಾಗಿ ನಾವು 2006ನೆಯ ಇಸವಿಯಿಂದ 2011ರ ವರೆಗೆ ಜೆಕ್ ದೇಶದ ರಾಜಧಾನಿಯಾದ ಪ್ರಾಗ್ ಪಟ್ಟಣದಲ್ಲಿ ವಾಸವಾಗಿದ್ದೆವು. ಈ ದೇಶವು 1918ರಲ್ಲಿ ಸ್ವತಂತ್ರವಾದ ಜೆಕೊಸ್ಲೊವಾಕಿಯಾ ರಾಜ್ಯದ ಒಂದು ಭಾಗವಾಗಿತ್ತು. 1939ರಲ್ಲಿ ಹಿಟ್ಲರನ ಸೈನ್ಯವು ಪ್ರಾಗ್ ಪಟ್ಟಣವನ್ನು ಆಕ್ರಮಿಸಿತು. 1945ರಲ್ಲಿ ಬಿಡುಗಡೆ ದೊರೆಯಿತು. ಮೂರು ವರ್ಷ ತುಂಬುವುದರೊಳಗೆ, 1948ರ ಫೆಬ್ರವರಿಯಲ್ಲಿ, ಕಮ್ಯೂನಿಸ್ಟ್ ಪಕ್ಷವು ಅಧಿಕಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಿತು. 1989ರ ನವೆಂಬರಿನಲ್ಲಿ ಜನರು ಆಯುಧವಿಲ್ಲದ ಬರಿಗೈಯಲ್ಲಿ ಬೀದಿಗಿಳಿದು ಆ ಆಡಳಿತವನ್ನು ಕೊನೆಗಾಣಿಸಿದರು. 1993ರ ಜನವರಿ 1ರಂದು ಜೆಕ್ ಜನರೂ ಸ್ಲೊವಾಕ್ ಜನರೂ ಜಗಳವಿಲ್ಲದೆ ಬೇರೆ ಬೇರೆ ರಾಜ್ಯಗಳಾದರು. ಇಷ್ಟು ಚರಿತ್ರೆಯನ್ನು ಮಾತ್ರ ನಾನು ಅಲ್ಲಿಗೆ ಹೋಗುವ ಮೊದಲು ಓದಿಕೊಂಡಿದ್ದೆನು. ಮಿಕ್ಕದ್ದನ್ನು ಒಬ್ಬ ನೆರೆಮನೆಯ ಅಜ್ಜಿಯಿಂದ ಕಲಿತೆನು.

ನಮ್ಮ ಮನೆಯು ಲೆತ್ನಾ ಎಂಬ ಎತ್ತರದ ಪ್ರದೇಶದಲ್ಲಿತ್ತು. ಮನೆಯಿಂದ ಹೊರಟು ಮೂಲೆಯನ್ನು ತಿರುಗಿದರೆ ಟ್ರಾಮು ಓಡಾಡುವ ದೊಡ್ಡ ರಸ್ತೆ. ಅದರ ಹೆಸರು ಮಿಲಾದಾ ಹೊರಾಕೊವಾ ರಸ್ತೆ. ರಾಜರ ಹೆಸರು, ಸೇನಾಪತಿಗಳ ಹೆಸರು, ಸಂತರ ಹೆಸರು ರಸ್ತೆಗಳಿಗಿರುವುದನ್ನು ಕಂಡಿದ್ದೆನು. ಇಷ್ಟು ದೊಡ್ಡ ರಸ್ತೆಗೆ ಹೆಂಗಸಿನ ಹೆಸರಿರುವುದನ್ನು ಕಂಡು ನನಗೆ ಕುತೂಹಲವುಂಟಾಯಿತು. ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ಎಪ್ಪತ್ತು ವರ್ಷ ಸಮೀಪಿಸಿದ ಒಬ್ಬ ನಿವೃತ್ತ ಉಪಾಧ್ಯಾಯಿನಿಯವರಿದ್ದರು. ಆ ದೇಶದಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಶಬ್ದವು ‘ಪಾನೀ’ ಎಂದು. ನನಗೆ ಮೊದಮೊದಲು ಹಿಂದೂಸ್ತಾನಿಯಲ್ಲಿ ನೀರು ಕೇಳಿದಂತಾಗಿ ನಗು ಬರುತ್ತಿತ್ತು. ಕೇಳಿ ಅವರೂ ನಕ್ಕರು. ಹೀಗೆ ನಗುವಿನಿಂದ ಆರಂಭವಾದ ಪರಿಚಯವು ಸ್ನೇಹವಾಯಿತು. ಅವರಿಗೆ ಸ್ವಲ್ಪ ಇಂಗ್ಲಿಷು ಬರುತ್ತಿತ್ತು, ನನಗೆ ಸ್ವಲ್ಪ ಜೆಕ್ ಭಾಷೆ ಬಂದಿತು. ಪ್ರತಿ ವರ್ಷವೂ ಮಾರ್ಚ್ 28ರಂದು ಅವರ ಹಳೆಯ ಶಿಷ್ಯರು ಹೂವು ಹಿಡಿದುಕೊಂಡು ಮೆಟ್ಟಲು ಹತ್ತಿ ಬರುವುದನ್ನು ನೋಡುತ್ತಿದ್ದೆನು. ಅದು ಅಲ್ಲಿನ ಉಪಾಧ್ಯಾಯರ ದಿನ. 1592ರಲ್ಲಿ ಅದೇ ತಾರೀಕಿನಲ್ಲಿ ಹುಟ್ಟಿದ ಕೊಮೆನಿಯಸ್ ಎಂಬ ಮಹನೀಯರ ಜನ್ಮದಿನ. ಅವರು ಸಹೋದರರ ಸಭೆಯೆಂಬ ಸುಧಾರಿತ ಕ್ರೈಸ್ತಸಭೆಯ ಬಿಷಪರು. ಬಡವರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ವಿದ್ಯೆ ದೊರೆಯಬೇಕೆಂದು ಆ ಕಾಲದಲ್ಲಿಯೇ ವಾದಿಸಿದವರು. ಮಕ್ಕಳಿಗಾಗಿ ಚಿತ್ರಗಳುಳ್ಳ ಪಾಠಪುಸ್ತಕವನ್ನು 1658ರಲ್ಲಿ ಪ್ರಕಟಿಸಿದವರು. ನಮ್ಮಂಥ ಮಿಶನ್ ಹೆಣ್ಣುಮಕ್ಕಳ ಶಾಲೆಗಳೆಲ್ಲ ಅವರ ಋಣದಲ್ಲಿವೆಯೆಂದು ಹೇಳಿದರೆ ತಪ್ಪಾಗಲಾರದು.

ಒಂದು ದಿನ ನಾನು ಆ ಅಜ್ಜಿಯವರನ್ನು, “ಈ ಹೊರಾಕೊವಾ ಎಂಬವರು ಯಾರು?” ಎಂದು ಕೇಳಿದೆನು. ಅವರು, “ನಾನು ಈ ಮನೆಗೆ ಬಂದಾಗ ರಸ್ತೆಗೆ ಶಾಂತಿರಕ್ಷಕರ ರಸ್ತೆಯೆಂದು ಹೆಸರಿತ್ತು,” ಎಂದಷ್ಟೇ ಹೇಳಿ, ಚಹದ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದರು. ಮಾತನ್ನು ಮುಂದುವರಿಸಲು ಅವರಿಗೆ ಮನಸ್ಸಿಲ್ಲವೆಂದು ತಿಳಿದು ನಾನು ಸುಮ್ಮನಾದೆನು. ಪುಸ್ತಕಗಳಿಂದಲೂ ಬೇರೆಯವರಿಂದಲೂ ವಿಷಯವನ್ನು ಸಂಗ್ರಹಿಸಿದೆನು.

ಮಿಲಾದಾ ಹೊರಾಕೊವಾ ಅವರು 1901ನೆಯ ಇಸವಿಯ ಕ್ರಿಸ್ಮಸ್ ದಿನ ಪ್ರಾಗ್ ಪಟ್ಟಣದಲ್ಲಿ ಹುಟ್ಟಿದರು. 1918ರಲ್ಲಿ, ಮೊದಲನೆಯ ಮಹಾಯುದ್ಧವು ನಡೆಯುತ್ತಿದ್ದಾಗಲೇ, ಯುದ್ಧವನ್ನು ವಿರೋಧಿಸುವ ಮೆರವಣಿಗೆಯಲ್ಲಿ ಸೇರಿದರೆಂಬ ಕಾರಣದಿಂದ ಅವರನ್ನು ಶಾಲೆಯಿಂದ ಹೊರಗೆ ಹಾಕಿದರು. ಬೇರೆ ಶಾಲೆಯಲ್ಲಿ ಓದು ಮುಗಿಸಿ, ಪ್ರಾಗಿನ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿತು, 1926ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಪಟ್ಟಣದ ಸಮಾಜಸೇವಾ ಇಲಾಖೆಯಲ್ಲಿ ಉದ್ಯೋಗಕ್ಕೆ ಸೇರಿ ಬಡವರ ವಸತಿ, ತಾಯಂದಿರ ರಕ್ಷಣೆ, ಕೆಲಸವಿಲ್ಲದವರ ಸಹಾಯ ಇವುಗಳಿಗಾಗಿ ದುಡಿದರು. ಫ್ರಾಂತಿಷ್ಕಾ ಪ್ಲಾಮೀಂಕೊವಾ ಎಂಬ ಹಿರಿಯ ಮಹಿಳೆ 1923ರಲ್ಲಿ ಸ್ಥಾಪಿಸಿದ ಸ್ತ್ರೀಯರ ರಾಷ್ಟ್ರೀಯ ಪರಿಷತ್ತಿನಲ್ಲಿ ಅವರ ಬಲಗೈಯಾಗಿ ನಿಂತು, ಮದುವೆಯಾದ ಹೆಂಗಸಿಗೂ ಆಸ್ತಿ, ಉದ್ಯೋಗ, ಮಕ್ಕಳ ಪಾಲನೆ ಇವುಗಳಲ್ಲಿ ನ್ಯಾಯ ದೊರೆಯಬೇಕೆಂದು ಕಾನೂನಿನ ದಾರಿಯಿಂದ ಹೋರಾಡಿದರು. ಜೆಕ್ ಸಹೋದರರ ಇವ್ಯಾಂಜೆಲಿಕಲ್ ಸಭೆಗೆ ಸೇರಿದ ಕುಟುಂಬ ಅವರದು. ಪತಿ ಬೊಹುಸ್ಲಾವ್ ಹೊರಾಕ್. 1933ರಲ್ಲಿ ಹುಟ್ಟಿದ ಒಬ್ಬಳೇ ಮಗಳು ಯಾನಾ.

ಹಿಟ್ಲರನ ಆಡಳಿತವು ಬಂದಾಗ ಅವರು ಗುಪ್ತವಾಗಿ ಪ್ರತಿಭಟಿಸಿದವರ ಪಂಗಡವನ್ನು ಸೇರಿ 1940ರಲ್ಲಿ ಸೆರೆಸಿಕ್ಕಿದರು. ಪ್ಲಾಮೀಂಕೊವಾ ಅವರನ್ನು 1942ರಲ್ಲಿ ಗುಂಡಿಕ್ಕಿ ಕೊಂದರು. ಹೊರಾಕೊವಾ ಅವರಿಗೂ ಸರಕಾರದ ವಕೀಲರು ಮರಣದಂಡನೆಯನ್ನೇ ಕೇಳಿದ್ದರು. ಆದರೆ ಡ್ರೆಸ್ಡೆನ್ ಪಟ್ಟಣದ ನ್ಯಾಯಸ್ಥಾನವು 1944ರಲ್ಲಿ ಎಂಟು ವರ್ಷಗಳ ಸಜೆಯನ್ನು ವಿಧಿಸಿತು. 1945ರಲ್ಲಿ ಅಮೇರಿಕದ ಸೈನ್ಯವು ಅವರನ್ನು ಬಿಡಿಸಿತು. ಊರಿಗೆ ಹಿಂತಿರುಗಿ ಪಾರ್ಲಿಮೆಂಟಿನ ಸದಸ್ಯರಾದರು. 1948ರಲ್ಲಿ ಕಮ್ಯೂನಿಸ್ಟರು ಅಧಿಕಾರಕ್ಕೆ ಬಂದೊಡನೆ ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ದೇಶವನ್ನು ಬಿಟ್ಟು ಹೋಗಿರೆಂದು ಸ್ನೇಹಿತರು ಹೇಳಿದರೂ ಹೋಗಲಿಲ್ಲ. 1949ರ ಸೆಪ್ಟೆಂಬರ್ 27ರಂದು ಅವರನ್ನು ಪುನಃ ಬಂಧಿಸಿದರು. ಪತಿಯು ಹೇಗೋ ತಪ್ಪಿಸಿಕೊಂಡು ಗಡಿ ದಾಟಿದರು; ಮಗಳು ಚಿಕ್ಕಮ್ಮನ ಮನೆಯಲ್ಲಿ ಉಳಿದಳು.

1950ರ ಮೇ 31ರಿಂದ ಜೂನ್ 8ರ ವರೆಗೆ ಪ್ರಾಗಿನ ಪಾಂಕ್ರಾತ್ಸ್ ಎಂಬಲ್ಲಿ ಅವರ ಮತ್ತು ಇತರ ಹನ್ನೆರಡು ಮಂದಿಯ ವಿಚಾರಣೆ ನಡೆಯಿತು. ಅದನ್ನು ವಿಚಾರಣೆಯೆಂದು ಕರೆಯಲು ನಾಲಗೆ ಬಾರದು. ಪ್ರಶ್ನೆಗಳನ್ನೂ ಉತ್ತರಗಳನ್ನೂ ಮೊದಲೇ ಬರೆದು, ಸೆರೆಯಾಳುಗಳಿಂದ ಬಾಯಿಪಾಠ ಮಾಡಿಸಿ, ನಾಟಕದಂತೆ ಆಡಿಸಿ, ರೇಡಿಯೋದಲ್ಲಿ ದೇಶಕ್ಕೆಲ್ಲ ಕೇಳಿಸಿದರು. ದೇಶದ್ರೋಹ ಮತ್ತು ಗೂಢಚಾರಿಕೆ ಎಂಬುದು ಆರೋಪ. ಹೊರಾಕೊವಾ ಅವರು ಮಾತ್ರ ಕೆಲವು ಕಡೆ ಬರೆದುಕೊಟ್ಟ ಪಾಠವನ್ನು ಬಿಟ್ಟು ತಮ್ಮ ಸ್ವಂತ ಮಾತುಗಳಿಂದ ತಮ್ಮ ನಂಬಿಕೆಯನ್ನು ಸಮರ್ಥಿಸಿಕೊಂಡರು. ನಾಲ್ವರಿಗೆ ಮರಣದಂಡನೆಯಾಯಿತು. ಆಲ್ಬರ್ಟ್ ಐನ್‌ಸ್ಟೈನ್, ವಿನ್ಸ್ಟನ್ ಚರ್ಚಿಲ್, ಎಲಿನರ್ ರೂಸ್‌ವೆಲ್ಟ್ ಮುಂತಾದವರು ಪ್ರಾಣಭಿಕ್ಷೆಯನ್ನು ಬೇಡಿದರು. ಅಧ್ಯಕ್ಷರಾಗಿದ್ದ ಕ್ಲೆಮೆಂತ್ ಗೊತ್ವಾಲ್ದ್ ಅವರು ಮನ್ನಿಸಲಿಲ್ಲ. ಜೂನ್ 27ರ ಬೆಳಗಿನ ಜಾವ ಆ ತಾಯಿಯನ್ನು ಗಲ್ಲಿಗೇರಿಸಿದರು. ಆಗ ಅವರಿಗೆ ವಯಸ್ಸು ನಾಲ್ವತ್ತೆಂಟು. ಕೊನೆಯ ರಾತ್ರಿಗಳಲ್ಲಿ ಮಗಳಿಗೂ ಬಂಧುಗಳಿಗೂ ಬರೆದ ಕಾಗದಗಳನ್ನು ಸರಕಾರವು ಅವರಿಗೆ ಕೊಡದೆ ಇಟ್ಟುಕೊಂಡಿತು. ಹದಿನಾರು ವರ್ಷದ ಹುಡುಗಿಗೆ ತಾಯಿ ಬರೆದ ಕಾಗದವು 1990ರಲ್ಲಿ, ನಾಲ್ವತ್ತು ವರ್ಷಗಳ ತರುವಾಯ, ಕೈಸೇರಿತು. ದೇಹದ ಬೂದಿಯಂತೂ ಎಂದಿಗೂ ದೊರೆಯಲಿಲ್ಲ.

ಇದು ಹಳೆಯ ಕಥೆ. ಅದನ್ನು ಚರಿತ್ರೆಯ ಪುಸ್ತಕದಲ್ಲಿ ಮುಚ್ಚಿಡಬಹುದಾಗಿತ್ತು. ಆದರೆ ನಾವು ಅಲ್ಲಿದ್ದ ಕಾಲದಲ್ಲಿಯೇ ಅದು ಪುನಃ ಬೀದಿಯ ಮಾತಾಯಿತು. ಆ ವಿಚಾರಣೆಯಲ್ಲಿ ಸರಕಾರದ ಪಕ್ಷವಾಗಿ ವಾದಿಸಿದವರಲ್ಲಿ ಒಬ್ಬಾಕೆ ಇನ್ನೂ ಜೀವಿಸಿದ್ದರು. ಲುದ್ಮಿಲಾ ಬ್ರೊಜೊವಾ-ಪೊಲೆದ್ನೊವಾ ಎಂಬುದು ಅವರ ಹೆಸರು. 1950ರಲ್ಲಿ ಆಕೆ ಇಪ್ಪತ್ತೆಂಟು ವರ್ಷದ ಯುವತಿ. ಕಾರ್ಮಿಕರಿಗಾಗಿ ಹೊಸ ಸರಕಾರವು ಏರ್ಪಡಿಸಿದ್ದ ಕಾನೂನು ಶಾಲೆಯಲ್ಲಿ ಕಲಿತವರು. ಬಡವರ ಮಗಳಿಗೆ ನ್ಯಾಯಸ್ಥಾನದ ಬಾಗಿಲು ತೆರೆಯಿತೆಂದು ಹೊಗಳಿಸಿಕೊಂಡವರು. ವಾಚಕರು ಇದನ್ನು ಸ್ವಲ್ಪ ಆಲೋಚಿಸಬೇಕು. ಆರೋಪಿಯ ಸ್ಥಾನದಲ್ಲಿ ನಿಂತವರು ಕಾನೂನು ಕಲಿತ ಹೆಂಗಸು. ಅವರ ಕುತ್ತಿಗೆಗೆ ಹಗ್ಗವನ್ನು ಕೇಳಿದವರಲ್ಲಿಯೂ ಕಾನೂನು ಕಲಿತ ಒಬ್ಬ ಹೆಂಗಸು. ಹೆಣ್ಣುಮಕ್ಕಳಿಗೆ ವಿದ್ಯೆ ಬಂದರೆ ಸಾಕು, ಲೋಕವು ತಾನಾಗಿಯೇ ಒಳ್ಳೆಯದಾಗುವುದೆಂದು ನಾನು ಚಿಕ್ಕಂದಿನಿಂದ ನಂಬಿದ್ದೆನು. ಆ ನಂಬಿಕೆಗೆ ಅಲ್ಲಿ ಮೊದಲನೆಯ ಪೆಟ್ಟು ಬಿದ್ದಿತು.

2007ರ ನವೆಂಬರಿನಲ್ಲಿ ಪ್ರಾಗಿನ ನ್ಯಾಯಸ್ಥಾನವು ಈಕೆಗೆ ಎಂಟು ವರ್ಷಗಳ ಸಜೆಯನ್ನು ಹೇಳಿತು. ಮೇಲಿನ ನ್ಯಾಯಸ್ಥಾನವು ಕಾಲಾವಧಿ ಮೀರಿತೆಂದು ಅದನ್ನು ತಳ್ಳಿಹಾಕಿತು. ಸರ್ವೋಚ್ಚ ನ್ಯಾಯಸ್ಥಾನವು ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿಸಿತು. 2008ರ ಸೆಪ್ಟೆಂಬರಿನಲ್ಲಿ ಆರು ವರ್ಷಗಳ ಸಜೆಯು ಸ್ಥಿರವಾಯಿತು. 2009ರ ಮಾರ್ಚಿನಲ್ಲಿ, ಎಂಭತ್ತೇಳು ವರ್ಷದ ಆ ವೃದ್ಧೆಯನ್ನು ಸೆರೆಮನೆಗೆ ಕರೆದುಕೊಂಡು ಹೋದರು. ಆಗಿನ ಕಾನೂನಿನಂತೆ ನಡೆದುಕೊಂಡೆನೆಂಬುದೇ ಆಕೆಯ ಉತ್ತರ. ಪಶ್ಚಾತ್ತಾಪದ ಮಾತು ಆಕೆಯ ಬಾಯಿಂದ ಬರಲಿಲ್ಲ.

ಆ ದಿನಗಳಲ್ಲಿ ಟ್ರಾಮಿನಲ್ಲಿ, ರೊಟ್ಟಿಯಂಗಡಿಯಲ್ಲಿ, ಮೆಟ್ಟಲುಗಳ ಮೇಲೆ ಅದೇ ಮಾತು. ನಮ್ಮ ಕಟ್ಟಡದಲ್ಲಿದ್ದ ಒಬ್ಬರು, “ಗುಂಡಿಯ ಅಂಚಿನಲ್ಲಿರುವ ಮುದುಕಿಯನ್ನು ಸೆರೆಯಲ್ಲಿಟ್ಟು ಯಾರಿಗೆ ಏನು ಲಾಭ? ಮೇಲಿನವರೆಲ್ಲರೂ ಸುಖವಾಗಿ ಹಾಸಿಗೆಯಲ್ಲಿ ಸತ್ತರು, ಉಳಿದವಳೆಂಬ ಒಂದೇ ತಪ್ಪಿಗೆ ಇವಳನ್ನು ಹಿಡಿದಿದ್ದಾರೆ,” ಎನ್ನುತ್ತಿದ್ದರು. ಇನ್ನೊಬ್ಬರು ಇದನ್ನು ಕೇಳಿ ಕೆರಳಿದರು. ಅವರ ತಂದೆಯನ್ನು ಯಾಖಿಮೊವ್ ಎಂಬಲ್ಲಿನ ಯುರೇನಿಯಂ ಗಣಿಗಳಿಗೆ ರಾಜಕೀಯ ಸೆರೆಯಾಳಾಗಿ ಕಳುಹಿಸಿದ್ದರಂತೆ. “ನನ್ನ ತಂದೆಗೆ ಮುದಿತನವೇ ಬರಲಿಲ್ಲ, ಮುದಿತನವನ್ನು ನೋಡಿ ಕನಿಕರಿಸಿರೆಂದು ನನಗೆ ಹೇಳಬೇಡಿರಿ,” ಎಂದರು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಹೊರದೇಶದವಳಾದ ನಾನು ಯಾರ ಪಕ್ಷವನ್ನೂ ಹಿಡಿಯಲಾರದೆ ನಿಂತಿದ್ದೆನು.

ಅಲ್ಲಿನ ಚರ್ಚೆಗಳೆಲ್ಲ ಹೀಗೆಯೇ. ಹಳೆಯ ಆಡಳಿತದಲ್ಲಿ ಹೆಂಗಸರಿಗೆಲ್ಲ ಉದ್ಯೋಗವಿತ್ತು, ಕೂಸುಗಳಿಗೆ ಶಿಶುಗೃಹವಿತ್ತು, ರೊಟ್ಟಿಯು ಅಗ್ಗವಾಗಿತ್ತು ಎಂದು ಒಬ್ಬರು ಹೇಳಿದರೆ, ಚರ್ಚಿಗೆ ಹೋಗುವವರ ಮಕ್ಕಳಿಗೆ ಮೇಲಿನ ಓದು ದೊರೆಯುವುದೇ ಕಷ್ಟವಾಗಿತ್ತು, ಗೋಡೆಗೂ ಕಿವಿಯಿತ್ತು ಎಂದು ಮತ್ತೊಬ್ಬರು ಹೇಳುವರು. 1991ರಲ್ಲಿ ಒಂದು ಕಾನೂನನ್ನು ಮಾಡಿ, ಹಿಂದಿನ ಗುಪ್ತ ಪೋಲೀಸರೊಡನೆ ಸೇರಿದ್ದವರನ್ನು ಮುಖ್ಯ ಸರಕಾರಿ ಸ್ಥಾನಗಳಿಂದ ದೂರವಿಟ್ಟರು. 1993ರಲ್ಲಿ ಆ ಆಡಳಿತವೇ ಅನ್ಯಾಯದ್ದೆಂದು ಇನ್ನೊಂದು ಕಾನೂನು ಸಾರಿತು. ಆದರೂ ಕಮ್ಯೂನಿಸ್ಟ್ ಪಕ್ಷವನ್ನು ನಿಷೇಧಿಸಲಿಲ್ಲ. ಅದು 2021ರ ಚುನಾವಣೆಯ ವರೆಗೆ ಪಾರ್ಲಿಮೆಂಟಿನಲ್ಲಿ ಕುಳಿತಿತ್ತು. 1989ರ ವರೆಗೆ ಅದೇ ಪಕ್ಷದ ಸದಸ್ಯರಾಗಿದ್ದ ಸೇನಾಧಿಕಾರಿ ಪೆತ್ರ್ ಪಾವೆಲ್ ಅವರನ್ನು, ಅದು ತಮ್ಮ ತಪ್ಪೆಂದು ಅವರು ಒಪ್ಪಿಕೊಂಡ ಮೇಲೆ, ಜನರು 2023ರಲ್ಲಿ ಅಧ್ಯಕ್ಷರನ್ನಾಗಿ ಆರಿಸಿದರು. ಇವೆಲ್ಲವುಗಳ ಅಡಿಯಲ್ಲಿರುವ ಪ್ರಶ್ನೆ ಒಂದೇ: ಒಂದು ಊರೆಲ್ಲ ಸೇರಿ ಮಾಡಿದ ತಪ್ಪಿಗೆ ಯಾರು ಉತ್ತರ ಹೇಳಬೇಕು?

ಆ ಪ್ರಶ್ನೆಗೆ ನಾನು ಕೇಳಿದ ಅತ್ಯಂತ ಪ್ರಾಮಾಣಿಕವಾದ ಉತ್ತರವು ನಮ್ಮ ಮೇಲಿನ ಅಂತಸ್ತಿನ ಅಜ್ಜಿಯವರದು. ಆ ವೃದ್ಧೆಯನ್ನು ಸೆರೆಮನೆಗೆ ಕಳುಹಿಸಿದ ವಾರದಲ್ಲಿ ಅವರು ತಾವಾಗಿಯೇ ನಮ್ಮ ಮನೆಗೆ ಬಂದರು. ಕೋಟನ್ನೂ ತೆಗೆಯದೆ ಕುರ್ಚಿಯ ಮೇಲೆ ಕುಳಿತರು. “ನೀವು ಎರಡು ವರ್ಷದ ಹಿಂದೆ ನನ್ನನ್ನು ಒಂದು ಪ್ರಶ್ನೆ ಕೇಳಿದಿರಿ; ನಾನು ಉತ್ತರ ಕೊಡದೆ ಒಳಗೆ ಹೋದೆನು,” ಎಂದು ಆರಂಭಿಸಿದರು. ಅವರು ಹೇಳಿದ್ದನ್ನು ನನ್ನ ಮಾತುಗಳಲ್ಲಿ ಬರೆಯುತ್ತೇನೆ.

1950ರಲ್ಲಿ ಅವರಿಗೆ ಹದಿಮೂರು ವರ್ಷ. ವಿಚಾರಣೆಯು ನಡೆಯುತ್ತಿದ್ದ ವಾರದಲ್ಲಿ ಕಾರಖಾನೆಗಳೂ ಕಚೇರಿಗಳೂ ಶಾಲೆಗಳೂ ಸಭೆ ಸೇರಿ, ದ್ರೋಹಿಗಳಿಗೆ ಕಠಿಣವಾದ ಶಿಕ್ಷೆಯಾಗಬೇಕೆಂದು ಠರಾವುಗಳನ್ನು ಮಾಡಿ ನ್ಯಾಯಸ್ಥಾನಕ್ಕೆ ಕಳುಹಿಸುತ್ತಿದ್ದುವು. ಅವರ ತರಗತಿಯಲ್ಲಿಯೂ ಒಂದು ಠರಾವನ್ನು ಓದಿದರು. ಒಪ್ಪುವವರು ಕೈ ಎತ್ತಿರೆಂದು ಉಪಾಧ್ಯಾಯರು ಹೇಳಿದರು. ನಾಲ್ವತ್ತು ಕೈಗಳು ಮೇಲಕ್ಕೆ ಹೋದುವು. ಇವರ ಅಕ್ಷರವು ದುಂಡಗಾಗಿ ಚೆನ್ನಾಗಿದ್ದುದರಿಂದ ಅದನ್ನು ಶುದ್ಧಪ್ರತಿ ಮಾಡುವ ಕೆಲಸವನ್ನು ಇವರಿಗೇ ಕೊಟ್ಟರು. ಎಲ್ಲರಿಗಿಂತ ತನ್ನನ್ನೇ ಆರಿಸಿದರಲ್ಲಾ ಎಂದು ಅಂದು ಸಂತೋಷದಿಂದ ಮನೆಗೆ ಓಡಿದರಂತೆ. ತಂದೆಯೊಡನೆ ಹೇಳಿದಾಗ ಅವರು ಏನೂ ಮಾತಾಡದೆ ಎದ್ದು ಹೋಗಿ ಕಿಟಕಿಯನ್ನು ಮುಚ್ಚಿದರಂತೆ. ತಂದೆಯು ಕಿಟಕಿಯನ್ನು ಏಕೆ ಮುಚ್ಚಿದರೆಂಬುದು ಇವರಿಗೆ ಅರ್ಥವಾಗಲು ಬಹಳ ವರ್ಷಗಳು ಬೇಕಾದುವು.

“ಅಂಥ ಠರಾವುಗಳು ಆರು ಸಾವಿರದ ಮುನ್ನೂರಕ್ಕಿಂತಲೂ ಹೆಚ್ಚು ಬಂದುವು,” ಎಂದರು ಅಜ್ಜಿಯವರು. “ಅವುಗಳಲ್ಲಿ ಒಂದು ನನ್ನ ಕೈಬರಹದ್ದು. ಆಕೆಗೆ ನನ್ನ ವಯಸ್ಸಿಗಿಂತ ಸ್ವಲ್ಪ ದೊಡ್ಡವಳಾದ ಮಗಳಿದ್ದಳೆಂದು ನನಗೆ ಆಗ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಾನು ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದೆನು. ಒಂದು ದಿನವೂ ತರಗತಿಯಲ್ಲಿ, ಒಪ್ಪುವವರು ಕೈ ಎತ್ತಿರೆಂದು ಹೇಳಲಿಲ್ಲ. ಯಾರಿಗೂ ಇದು ಏಕೆಂದು ತಿಳಿಯದು.”

ನಾನು, “ನೀವು ಆಗ ಚಿಕ್ಕ ಹುಡುಗಿಯಾಗಿದ್ದಿರಿ,” ಎಂದು ಸಮಾಧಾನ ಹೇಳಲು ಹೋದೆನು. ಅವರು ತಲೆಯಲ್ಲಾಡಿಸಿದರು. ಹದಿಮೂರು ವರ್ಷದ ಹುಡುಗಿಯನ್ನು ಯಾವ ನ್ಯಾಯಸ್ಥಾನವೂ ದೂಷಿಸಲಾರದೆಂದು ಅವರಿಗೂ ಗೊತ್ತು. ಮನಸ್ಸು ಆಲೋಚಿಸುವುದಕ್ಕೆ ಮೊದಲೇ ಕೈ ಮೇಲಕ್ಕೆ ಹೋಯಿತು. ಅದೇ ಅವರ ದುಃಖ. ಹಾಗಾದರೆ ಆ ಮುದುಕಿಗೆ ಶಿಕ್ಷೆಯಾದದ್ದು ಸರಿಯೋ ತಪ್ಪೋ ಎಂದು ಕೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ತೀರ್ಪು ಬೇಕಾಗಿತ್ತು, ಸೆರೆಮನೆ ಬೇಕಾಗಿರಲಿಲ್ಲ. ಅದು ಕೊಲೆಯಾಗಿತ್ತೆಂದು ಯಾರಾದರೂ ಒಬ್ಬರು ಗಟ್ಟಿಯಾಗಿ ಹೇಳಬೇಕಾಗಿತ್ತು. ಹೇಳಿದ ಮೇಲೆ ಆಕೆಯನ್ನು ಮನೆಗೆ ಕಳುಹಿಸಬಹುದಾಗಿತ್ತು,” ಎಂದರು.

2010ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಕೆಲವೇ ದಿನಗಳಿರುವಾಗ, ಅಧ್ಯಕ್ಷ ವಾತ್ಸ್ಲಾವ್ ಕ್ಲೌಸ್ ಅವರು ವೃದ್ಧಾಪ್ಯವನ್ನೂ ಅನಾರೋಗ್ಯವನ್ನೂ ಲಕ್ಷಿಸಿ ಆಕೆಗೆ ಕ್ಷಮಾದಾನ ಕೊಟ್ಟರು. ಊರಿನಲ್ಲಿ ಪುನಃ ವಾದವೆದ್ದಿತು. ಅಜ್ಜಿಯವರು ಮಾತ್ರ, “ಈಗ ಸರಿಯಾಯಿತು,” ಎಂದು ತಟ್ಟೆಯ ತುಂಬ ಕ್ರಿಸ್ಮಸ್ ತಿಂಡಿಯನ್ನು ನಮ್ಮ ಮನೆಗೆ ತಂದು ಕೊಟ್ಟರು. ಕ್ಷಮೆಯು ಅಪರಾಧವನ್ನು ಅಲ್ಲಗಳೆಯುವುದಿಲ್ಲ. ಅಪರಾಧವನ್ನು ಅಪರಾಧವೆಂದು ಹೆಸರಿಟ್ಟ ಮೇಲೆಯೇ ಕ್ಷಮೆಗೆ ಅರ್ಥವಿದೆ. ಭಾನುವಾರದ ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಈ ತತ್ತ್ವವನ್ನು, ಚರ್ಚಿನ ಮೆಟ್ಟಲನ್ನು ಎಂದೋ ಬಿಟ್ಟಿದ್ದ ಆ ಅಜ್ಜಿಯವರು ನನಗೆ ತಿಳಿಯಪಡಿಸಿದರು.

ಅವರು ಹೋದ ಮೇಲೆ ನಾನು ಸತ್ಯವೇದದಲ್ಲಿರುವ ನಾಬೋತನ ಕಥೆಯನ್ನು ತೆಗೆದು ಓದಿದೆನು. ರಾಜನಾದ ಅಹಾಬನು ಒಬ್ಬನ ದ್ರಾಕ್ಷೆಯ ತೋಟಕ್ಕೆ ಆಶೆಪಟ್ಟನು, ರಾಣಿ ಈಜೆಬೆಲಳು ಕಾಗದಗಳನ್ನು ಬರೆಯಿಸಿ ಊರಿನ ಹಿರಿಯರಿಗೆ ಕಳುಹಿಸಿದಳು, ಇಬ್ಬರು ಸುಳ್ಳುಸಾಕ್ಷಿ ಹೇಳಿದರು, ನಾಬೋತನು ಸತ್ತನು. ಚಿಕ್ಕಂದಿನಲ್ಲಿ ಆ ಪಾಠವನ್ನು ಕಲಿಯುವಾಗ ನಾವು ಅಹಾಬನನ್ನೂ ಈಜೆಬೆಲಳನ್ನೂ ಮಾತ್ರ ಹಳಿಯುತ್ತಿದ್ದೆವು. ಕಲ್ಲೆಸೆದವರು ಊರಿನವರು, ನಾಬೋತನ ನೆರೆಹೊರೆಯವರು, ಎಂಬುದು ಆ ರಾತ್ರಿ ಮೊದಲನೆಯ ಸಲ ನನ್ನ ಕಣ್ಣಿಗೆ ಬಿದ್ದಿತು.

ಈಗ ನನ್ನ ಸ್ವಂತ ಸಂಗತಿಗೆ ಬರುತ್ತೇನೆ. ನಾನು ಬೋರ್ಡಿಂಗಿನಲ್ಲಿದ್ದ ಕಾಲದಲ್ಲಿ, ಒಂಬತ್ತನೆಯ ತರಗತಿಯಲ್ಲಿರುವಾಗ, ನಮ್ಮ ಕೋಣೆಯ ಒಬ್ಬ ಹುಡುಗಿಯ ಚಿನ್ನದ ಓಲೆಯೊಂದು ಕಾಣೆಯಾಯಿತು. ಹಳ್ಳಿಯಿಂದ ಬಂದಿದ್ದ, ಫೀಜಿನ ಹಣಕ್ಕೂ ಕಷ್ಟಪಡುತ್ತಿದ್ದ ಒಬ್ಬಳ ಮೇಲೆ ಎಲ್ಲರಿಗೂ ಅನುಮಾನ ಬಂದಿತು. ಅನುಮಾನಕ್ಕೆ ಕಾರಣವೇನು? ಅವಳು ಬಡವಳು ಎಂಬುದೊಂದೇ. ಸಂಜೆಯ ಪ್ರಾರ್ಥನೆಯಾದ ಮೇಲೆ ಹಿರಿಯ ಹುಡುಗಿಯರು ನಮ್ಮನ್ನೆಲ್ಲ ಕೂಡಿಸಿ, ಇವಳೇ ತೆಗೆದಳೆಂದು ಯಾರು ಯಾರಿಗೆ ತೋರುತ್ತದೆಯೆಂದು ಕೇಳಿದರು. ಕೈಗಳು ಮೇಲಕ್ಕೆ ಹೋದುವು. ನನ್ನ ಕೈಯೂ ಹೋಯಿತು. ಕೆಳಗಿನ ತರಗತಿಯ ಒಬ್ಬ ಪುಟ್ಟ ಹುಡುಗಿ ಮಾತ್ರ ಎತ್ತಲಿಲ್ಲ. “ನಾನು ನೋಡಲಿಲ್ಲ ಅಕ್ಕಾ, ಹೇಗೆ ಹೇಳಲಿ?” ಎಂದಳು. ನಾವು ಅವಳನ್ನು ಗದರಿಸಿ ಕೂಡಿಸಿದೆವು. ಆರೋಪಕ್ಕೊಳಗಾದವಳು ಅಳಲಿಲ್ಲ; ನಮ್ಮ ಕೈಗಳನ್ನು ಒಂದೊಂದಾಗಿ ನೋಡುತ್ತಾ ನಿಂತಿದ್ದಳು. ದೊಡ್ಡ ರಜೆಗೆ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಮುಂದಿನ ಕ್ರಿಸ್ಮಸ್ಸಿಗೆ ಸುಣ್ಣ ಬಳಿಯುವುದಕ್ಕಾಗಿ ಪೆಟ್ಟಿಗೆಗಳನ್ನು ಸರಿಸಿದಾಗ ಓಲೆಯು ಗೋಡೆಯ ಸಂದಿಯಲ್ಲಿ ಸಿಕ್ಕಿತು. ಅದರ ಒಡತಿಯು ಸಂತೋಷಪಟ್ಟಳು; ನಾವೂ ಸಂತೋಷಪಟ್ಟೆವು. ಹಳ್ಳಿಗೆ ಒಂದು ಕಾಗದ ಬರೆಯೋಣವೆಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಇದನ್ನು ನನ್ನ ಉಪಾಧ್ಯಾಯಿನಿಯರ ಮೇಲಾಗಲಿ ಶಾಲೆಯ ಮೇಲಾಗಲಿ ಹೊರಿಸುವುದಿಲ್ಲ. ಅವರಿಗೆ ಆ ಸಂಜೆಯ ಸಭೆಯ ಸುದ್ದಿಯೇ ತಿಳಿಯದು. ತಪ್ಪು ನಮ್ಮದು. ಒಂದು ದೇಶದಲ್ಲಿ ಸರಕಾರದ ಭಯದಿಂದ ನಡೆದದ್ದನ್ನೂ ಒಂದು ಬೋರ್ಡಿಂಗಿನಲ್ಲಿ ಹುಡುಗಿಯರ ಚಪಲದಿಂದ ನಡೆದದ್ದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದೆಂದು ನನಗೆ ಗೊತ್ತಿದೆ. ಅಲ್ಲಿ ಹೋದದ್ದು ಪ್ರಾಣ. ಇಲ್ಲಿ ಹೋದದ್ದು ಒಬ್ಬಳ ಓದು. ಅಲ್ಲಿ ಕೈ ಎತ್ತದವರಿಗೆ ಅಪಾಯವಿತ್ತು. ನಮಗೆ ಯಾವ ಅಪಾಯವೂ ಇರಲಿಲ್ಲ. ಆದಕಾರಣವೇ ನಮ್ಮ ತಪ್ಪಿಗೆ ನೆಪ ಹೇಳುವುದು ಇನ್ನೂ ಕಷ್ಟ.

ಅಜ್ಜಿಯವರ ಕೊನೆಯ ಕಾಗದವು 2020ರಲ್ಲಿ ನನಗೆ ಬಂದಿತು. ಆ ವರ್ಷ ಜೂನ್ ತಿಂಗಳಲ್ಲಿ ಹೊರಾಕೊವಾ ಅವರು ತೀರಿ ಎಪ್ಪತ್ತು ವರ್ಷಗಳು ತುಂಬಿದ್ದುವು. ಪ್ರಾಗಿನ ದೊಡ್ಡ ಕಟ್ಟಡಗಳ ಮೇಲೆ ಅವರ ಮುಖದ ದೊಡ್ಡ ಚಿತ್ರಪಟಗಳನ್ನು ತೂಗಹಾಕಿದ್ದರು. ಕಮ್ಯೂನಿಸ್ಟರಿಂದ ಕೊಲ್ಲಲ್ಪಟ್ಟವರು ಎಂದು ಅದರಲ್ಲಿ ಬರೆದಿದ್ದರು. ಆ ಬರಹವು ಸರಿಯೋ ಅಲ್ಲವೋ ಎಂದು ಪುನಃ ವಾದ ನಡೆಯಿತು. ಅಜ್ಜಿಯವರು, “ಬರೆದದ್ದು ನಿಜವೇ. ಆದರೆ ನನಗೆ ಆ ಪಟವನ್ನು ನೋಡಿದಾಗಲೆಲ್ಲ ಅದರ ಕೆಳಗೆ ಇನ್ನೊಂದು ಸಾಲನ್ನು ನನ್ನ ದುಂಡಗಿನ ಅಕ್ಷರದಲ್ಲಿ ಬರೆಯಬೇಕೆನಿಸುತ್ತದೆ,” ಎಂದು ಬರೆದಿದ್ದರು. ಆ ಸಾಲು ಏನೆಂದು ಬರೆದಿರಲಿಲ್ಲ. ಅದರ ಮೇಲೆ ಕಾಗದ ಬರಲಿಲ್ಲ.

ಪ್ರಿಯ ಸಹೋದರಿಯರೇ, ನಮ್ಮ ಮಕ್ಕಳನ್ನೂ ಮೊಮ್ಮಕ್ಕಳನ್ನೂ ನಾವು ಈ ಶಾಲೆಗೆ ಕಳುಹಿಸುತ್ತಿದ್ದೇವೆ. ಅವರು ಪರೀಕ್ಷೆಗಳಲ್ಲಿ ಮೊದಲಿಗರಾಗಲಿ, ದುಂಡಗಾಗಿ ಬರೆಯಲಿ, ವಕೀಲರೂ ವೈದ್ಯರೂ ಆಗಲಿ; ಇದು ನನ್ನ ಹಾರೈಕೆಯೂ ಹೌದು. ಆದರೆ ವಿದ್ಯೆಯು ಹೊರಾಕೊವಾ ಅವರ ಕೈಯಲ್ಲಿಯೂ ಇತ್ತು, ಅವರನ್ನು ದೂಷಿಸಿದ ಯುವತಿಯ ಕೈಯಲ್ಲಿಯೂ ಇತ್ತು. ಈ ಇಬ್ಬರನ್ನು ಬೇರ್ಪಡಿಸಿದ್ದು ಪರೀಕ್ಷೆಯ ಅಂಕಗಳಲ್ಲ. “ನಾನು ನೋಡಲಿಲ್ಲ ಅಕ್ಕಾ, ಹೇಗೆ ಹೇಳಲಿ?” ಎಂದ ಆ ಪುಟ್ಟ ಹುಡುಗಿಗೆ ಅಂದು ನಮಗಿಂತ ಕಡಿಮೆ ಪಾಠಗಳು ಬರುತ್ತಿದ್ದುವು, ಆದರೂ ನಮ್ಮಲ್ಲಿ ನಿಜವಾಗಿ ಕಲಿತವಳು ಅವಳೊಬ್ಬಳೇ. ತಾಯಂದಿರೂ ಉಪಾಧ್ಯಾಯಿನಿಯರೂ ಅಂಥ ಮಾತನ್ನಾಡುವ ಮಗುವನ್ನು ಗದರಿಸದಿರಲಿ.

ಹಳ್ಳಿಗೆ ಹಿಂತಿರುಗಿ ಹೋದ ಆ ಗೆಳತಿಯ ಹೆಸರನ್ನು 2011ರಲ್ಲಿ ಊರಿಗೆ ಬಂದ ಮೇಲೆ ಹುಡುಕಿದೆನು. ಅವಳ ತಂದೆತಾಯಿಗಳು ಆ ಹಳ್ಳಿಯನ್ನು ಬಿಟ್ಟು ಎಷ್ಟೋ ವರ್ಷಗಳಾದುವೆಂದು ತಿಳಿಯಿತು. ನಮ್ಮ ಶಾಲೆಯ ಸಂಚಿಕೆಯು ದೂರದ ಊರುಗಳಿಗೂ ಹೋಗುತ್ತದೆ. ಯಾರ ಮನೆಯಲ್ಲಾದರೂ ಅವಳ ಕಣ್ಣಿಗೆ ಬಿದ್ದರೆ ಎಂಬ ಆಶೆಯಿಂದ ಇದನ್ನು ಬರೆದಿದ್ದೇನೆ. ಅಕ್ಕಾ, ಓಲೆಯು ಸಿಕ್ಕಿತು. ನೀನು ತೆಗೆದಿರಲಿಲ್ಲ. ನಮಗೆ ಅದು ಗೊತ್ತಾದ ಮೇಲೂ ನಿನಗೆ ತಿಳಿಸಲಿಲ್ಲ. ಎತ್ತಿದ ಕೈಗಳಲ್ಲಿ ಒಂದು ನನ್ನದು. ಕ್ಷಮಿಸೆಂದು ಕೇಳುವುದಕ್ಕೆ ಮೊದಲು ಇಷ್ಟನ್ನು ಎಲ್ಲರ ಎದುರಿಗೆ ಹೇಳಬೇಕಾಗಿತ್ತು, ಹೇಳಿದ್ದೇನೆ.

ದೇವರು ನಮ್ಮ ಶಾಲೆಯನ್ನು ಆಶೀರ್ವದಿಸಲಿ.